ಗಡಿಗೆ ಮಣ್ಣು, ಸರ್ವರಿಗೆ ತೆರೆದ ಬಾಗಿಲು: ಕಾಸರಗೋಡಿನ ಒಂದು ಅಡಿಕೆ ಸಂಘದ ಪ್ರಕರಣ

2024ರ ಮಾರ್ಚ್ 4, ಸೋಮವಾರ. ಕೊನೆಯ ಕೊಯ್ಲಿನ ಅಡಿಕೆ ಅಂಗಳದಲ್ಲಿ ಒಣಗುತ್ತಿದ್ದ ಹೊತ್ತು. ಸಹಕಾರಿ ಸಂಘಗಳಿಗಾದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು. ಬೆಳಗ್ಗೆ ಒಂಬತ್ತೂವರೆಗೆ ಸಂಘದ ಗುಮಾಸ್ತೆಯ ಫೋನ್ ಬಂತು.

"ಅಣ್ಣಾ, ಬಿಲ್ಲಿನ ಸಾಫ್ಟ್‌ವೇರ್ ಓಪನ್ ಆಗುದಿಲ್ಲ. ಫೈಲುಗಳ ಹೆಸರೆಲ್ಲ ಎಂತೆಂತದೋ ಆಗಿದೆ. ಮೂರು ಸಲ ಆಫ್ ಮಾಡಿ ಆನ್ ಮಾಡಿದೆ."

"ಇನ್ನು ಮುಟ್ಟಬೇಡ. ನೆಟ್ಟಿನ ವಯರು ಎಳೆದು ಹಾಕು. ನಾನು ಬಂದೆ."

ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ನನಗೆ ಇಪ್ಪತ್ತು ವರ್ಷ ಆಯಿತು. ಸಂಘದ ಹೆಸರು ಬೇಡ. ಸದಸ್ಯರು ಸಾವಿರದ ಚಿಲ್ಲರೆ. ಅಡಿಕೆ ಕೊಳ್ಳುತ್ತಾರೆ, ಗೊಬ್ಬರ ಮಾರುತ್ತಾರೆ, ಸ್ವಲ್ಪ ಠೇವಣಿ, ಸ್ವಲ್ಪ ಸಾಲ. ಐದು ಕಂಪ್ಯೂಟರ್, ಒಂದು 'ಸರ್ವರ್'. ಸರ್ವರ್ ಎಂದರೆ ಎಸಿ ಕೋಣೆ, ನೀಲಿ ದೀಪ ಅಂತೆಲ್ಲ ಊಹಿಸಿಕೊಳ್ಳಬೇಡಿ. ಕ್ಯಾಷ್ ಕೌಂಟರಿನ ಹಿಂದೆ, ಗೋಣಿಚೀಲಗಳ ಪಕ್ಕದಲ್ಲಿ ಇಟ್ಟ ಒಂದು ಸಾದಾ ಡಬ್ಬ. ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿದರೆ ಫ್ಯಾನಿನ ಎಸಳುಗಳ ಮೇಲೆ ಅಡಿಕೆಯ ಕಂದು ಧೂಳು ಬೆರಳು ದಪ್ಪಕ್ಕೆ ಕೂತಿರುತ್ತದೆ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಆ ಡಬ್ಬದ ಮುಂದೆ ಕೂತೆ. ಪ್ರತಿ ಫೈಲಿನ ಹೆಸರಿಗೂ ಹೊಸದೊಂದು ಬಾಲ: ಎಂಟು ಅಕ್ಷರದ ಒಂದು ಗುರುತು, ಚೌಕ ಕಂಸದಲ್ಲಿ ಒಂದು ಮೇಲ್ ವಿಳಾಸ, ಕಟ್ಟಕಡೆಗೆ 'ಫೌಸ್ಟ್' ಎಂಬ ಪದ. ಡೆಸ್ಕ್‌ಟಾಪಿನಲ್ಲಿ 'ಇನ್ಫೋ' ಎಂಬ ಹೆಸರಿನ ಎರಡು ಕಡತ. ತೆರೆದರೆ, ನಿಮ್ಮ ಫೈಲುಗಳಿಗೆ ಬೀಗ ಬಿದ್ದಿದೆ, ಬೀಗದಕೈ ಬೇಕಾದರೆ ಈ ವಿಳಾಸಕ್ಕೆ ಬರೆಯಿರಿ ಎಂಬ ಇಂಗ್ಲಿಷ್ ಒಕ್ಕಣೆ. ಫೋಬೋಸ್ ಎಂಬ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಕುಲದ ಲಕ್ಷಣ ಇದು. ಆ ಕುಲ 2019ರ ಹೊತ್ತಿನಿಂದಲೂ ಸಣ್ಣ ಕಚೇರಿ, ಸಣ್ಣ ಆಸ್ಪತ್ರೆ, ಸಣ್ಣ ಅಂಗಡಿಗಳನ್ನೇ ಹುಡುಕಿ ಹಿಡಿಯುತ್ತ ಬಂದದ್ದು. ದೊಡ್ಡ ಮೀನಿಗೆ ದೊಡ್ಡ ಬಲೆ ಬೇಕು; ಇವರದು ಕೂಳಿ ಹಾಕಿ ಹೊಳೆಬದಿಯಲ್ಲಿ ಕಾಯುವ ಜಾತಿ.

ಬ್ಯಾಕಪ್ ಕೇಳಿದೆ. ಎಕ್ಸ್‌ಟರ್ನಲ್ ಡ್ರೈವ್ ಸರ್ವರಿಗೇ ಸಿಕ್ಕಿಸಿಕೊಂಡು ಇತ್ತು. ಅದಕ್ಕೂ ಫೌಸ್ಟ್ ಬಾಲ ಬಂದಿತ್ತು. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ನೆರಳು ಪ್ರತಿಗಳನ್ನು ಈ ಜಾತಿಯ ವೈರಸ್ ಮೊದಲ ಏಟಿಗೇ ಅಳಿಸುತ್ತದೆ. ಅದೂ ಹೋಗಿತ್ತು. ಉಳಿದದ್ದು ಕ್ಯಾಷಿಯರ್ ಅಕ್ಕನ ಮನೆಯ ಗೋದ್ರೆಜಿನಲ್ಲಿದ್ದ ಒಂದು ಪೆನ್‌ಡ್ರೈವ್, ತಾರೀಖು 2023ರ ಡಿಸೆಂಬರ್ 16. ಎರಡೂವರೆ ತಿಂಗಳ ಲೆಕ್ಕ ಗಾಳಿಯಲ್ಲಿ.

ಬಾಗಿಲು ತೆರೆದವನು ನಾನೇ

ಕಳ್ಳ ಎಲ್ಲಿಂದ ಬಂದ ಎಂದು ಹುಡುಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಬಾಗಿಲನ್ನು ತೆಗೆದವನು ನಾನೇ.

2020ರ ಮಾರ್ಚ್ ನೆನಪಿದೆಯಲ್ಲ. ಕೊರೊನಾ ಬಂತೆಂದು ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಬ್ಯಾರಿಕೇಡ್, ಒಳರಸ್ತೆಗಳಿಗೆ ಜೆಸಿಬಿಯಲ್ಲಿ ತಂದು ಸುರಿದ ಮಣ್ಣಿನ ರಾಶಿ. ಮಂಗಳೂರಿನ ಆಸ್ಪತ್ರೆಗೆ ಹೋಗುವ ಆಂಬ್ಯುಲೆನ್ಸಿಗೇ ದಾರಿ ಇಲ್ಲದಾಗ ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನಮ್ಮ ಸಂಘದ ಸಾಫ್ಟ್‌ವೇರ್ ಮಂಗಳೂರಿನ ಒಬ್ಬರದು. ಮಂಗಳೂರು ಯಾಕೆ ಎಂದರೆ ಬಿಲ್ಲು ಕನ್ನಡದಲ್ಲಿ ಬರಬೇಕು. ಕೋಕ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯ ದರ್ಜೆಗಳ ಹೆಸರು ಕನ್ನಡ ಅಕ್ಷರದಲ್ಲಿ ಅಚ್ಚಾಗದ ಬಿಲ್ಲನ್ನು ನಮ್ಮ ಹಿರಿಯ ಬೆಳೆಗಾರರು ನಂಬುವುದಿಲ್ಲ. ಕಾಞಂಗಾಡಿನ ಕಂಪೆನಿಗಳ ಸಾಫ್ಟ್‌ವೇರಿನಲ್ಲಿ ಇದ್ದದ್ದು ಮಲಯಾಳ ಮತ್ತು ಇಂಗ್ಲಿಷ್. ಹೀಗೆ ಭಾಷೆಯ ಕಾರಣಕ್ಕೆ ಗಡಿಯ ಆಚೆಗೆ ಹೋದೆವು. ಗಡಿಗೆ ಮಣ್ಣು ಬಿದ್ದಾಗ ಆಚೆಯವನು ಈಚೆ ಬರಲಾರದೆ ಹೋದ. ಅದೇ ಮಾರ್ಚ್, ಅದೇ ವರ್ಷಾಂತ್ಯದ ಲೆಕ್ಕ.

"ಅಲ್ಲಿಂದಲೇ ಕೂತು ಮಾಡುವ ಹಾಗೆ ಎಂತಾದರೂ ಮಾಡಿ ಕೊಡಿ" ಎಂದರು ಅಂದಿನ ಸೆಕ್ರೆಟರಿ. ಮಾಡಿಕೊಟ್ಟೆ. ರೂಟರಿನಲ್ಲಿ 3389 ನಂಬರಿನ ಪೋರ್ಟ್, ಅಂದರೆ ಇಂಟರ್ನೆಟ್ಟಿನ ಕಡೆಗಿರುವ ಒಂದು ಬಾಗಿಲು, ತೆರೆದು ನೇರ ಸರ್ವರಿಗೆ ತಿರುಗಿಸಿದೆ. ದೂರದಿಂದಲೇ ಕಂಪ್ಯೂಟರ್ ನಡೆಸುವ ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಕೆಲಸ ಮಾಡುವುದು ಆ ಪೋರ್ಟಿನಲ್ಲಿ. ಬದಲಾಗದ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಮ್ಮನ್ನು ಗುರುತಿಸುವ ನಂಬರು) ಮೊದಲೇ ಇತ್ತು. ಪಾಸ್‌ವರ್ಡ್ ಸಂಘದ ಹೆಸರಿನ ಮೊದಲ ಅಕ್ಷರಗಳು, ಹಿಂದೆ ಸ್ಥಾಪನೆಯ ವರ್ಷ. ಹತ್ತು ದಿನದ ಮಟ್ಟಿಗೆ ಎಂದುಕೊಂಡದ್ದು. ಲಾಕ್‌ಡೌನ್ ಮುಗಿಯಿತು, ಮಣ್ಣು ತೆಗೆದರು, ಬಸ್ಸು ಓಡಿತು. ಪೋರ್ಟ್ ನಾಲ್ಕು ವರ್ಷ ಹಾಗೇ ಇತ್ತು. ನಮ್ಮ ಕೆಲಸದಲ್ಲಿ 'ಸದ್ಯಕ್ಕೆ' ಎಂದು ಮಾಡಿದ್ದೇ ಶಾಶ್ವತ.

ಇಂಟರ್ನೆಟ್ಟಿನಲ್ಲಿ ತೆರೆದ 3389 ಯಾರಿಗೂ ಕಾಣದೆ ಇರುವುದಿಲ್ಲ. ಇಡೀ ಜಗತ್ತಿನ ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುವ ಯಂತ್ರಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಒಂದು ಬಾಗಿಲು ಸಿಕ್ಕಿದರೆ ಪಾಸ್‌ವರ್ಡ್ ಊಹಿಸುವ ಕೆಲಸ ಶುರು. ಯಾರೋ ಒಬ್ಬ ಕಾಸರಗೋಡಿನ ಅಡಿಕೆ ಸಂಘದ ಮೇಲೆ ಕಣ್ಣಿಟ್ಟು ಬಂದದ್ದಲ್ಲ. ಅವನಿಗೆ ಅಡಿಕೆ ಎಂದರೇನೆಂದೇ ಗೊತ್ತಿರಲಾರದು.

ಆರು ಗಂಟೆಯ ಲೆಕ್ಕ

ಹನ್ನೊಂದೂವರೆಗೆ ಅಧ್ಯಕ್ಷರು, ಸೆಕ್ರೆಟರಿ, ಮೂವರು ನಿರ್ದೇಶಕರು ಗೋದಾಮಿನ ಪಕ್ಕದ ಕೋಣೆಯಲ್ಲಿ ಸೇರಿದರು. ನಾನು ಹೇಳಿದ್ದು: ಪೊಲೀಸರಿಗೆ ದೂರು ಕೊಡಬೇಕು, ಅದಕ್ಕೂ ಮೊದಲು ಸರ್ಟ್-ಇನ್‌ಗೆ ಬರೆಯಬೇಕು, ಅದೂ ಆರು ಗಂಟೆಯ ಒಳಗೆ.

"ಅದು ಯಾರು?" ಎಂದರು ಸೆಕ್ರೆಟರಿ.

ಕಂಪ್ಯೂಟರಿನ ಬೆಂಕಿ ಎಲ್ಲಿ ಹತ್ತಿದೆ, ಎಲ್ಲಿಗೆ ಹಬ್ಬುತ್ತಿದೆ ಎಂದು ಇಡೀ ದೇಶದ ಮಟ್ಟದಲ್ಲಿ ನೋಡುವ ದೆಹಲಿಯ ತಂಡ ಅದು; ಪೂರ್ತಿ ಹೆಸರು ಇಂಡಿಯನ್ ಕಂಪ್ಯೂಟರ್ ಎಮರ್ಜೆನ್ಸಿ ರೆಸ್ಪಾನ್ಸ್ ಟೀಮ್. 2004ರ ಜನವರಿಯಿಂದ ಕೆಲಸ ಮಾಡುತ್ತಿದೆ, ಈಗ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಕೆಳಗಿದೆ. ಐಟಿ ಕಾಯ್ದೆಯ 70ಬಿ ಕಲಮು ಅದಕ್ಕೆ ಅಧಿಕಾರ ಕೊಟ್ಟಿದೆ. ಇಂಥ ತಂಡಗಳ ವಂಶದ ಮೂಲ ಅಮೆರಿಕದ ಪಿಟ್ಸ್‌ಬರ್ಗ್. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಎಂಬ ಒಂದು ಹುಳು ಆಗಿನ ಪುಟ್ಟ ಇಂಟರ್ನೆಟ್ಟನ್ನು ಮಲಗಿಸಿದಾಗ, ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದೇ ಗೊತ್ತಿರಲಿಲ್ಲವಂತೆ. ಆ ಗೊಂದಲದ ನಂತರ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮೊದಲ ತಂಡ ಹುಟ್ಟಿತು. ಈಗ ಹೆಚ್ಚುಕಡಿಮೆ ಪ್ರತಿ ದೇಶಕ್ಕೂ ಒಂದಿದೆ, ಅವು ಒಂದರ ಜೊತೆ ಒಂದು ಮಾತಾಡಿಕೊಳ್ಳುತ್ತವೆ.

"ಅವರು ಬಂದು ಸರಿ ಮಾಡ್ತಾರೋ?"

"ಇಲ್ಲ. ಅವರು ಬರುವುದಿಲ್ಲ. ನಾವು ಹೇಳಿದ್ದನ್ನು ಬೇರೆಯವರಿಗೆ ದಾಟಿಸುತ್ತಾರೆ, ಬೇರೆಯವರು ಕಂಡದ್ದನ್ನು ನಮಗೆ ದಾಟಿಸುತ್ತಾರೆ."

"ಮತ್ತೆ ಎಂತಕ್ಕೆ?" ಸೆಕ್ರೆಟರಿಯ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಸಣ್ಣ ಕಚೇರಿಯವರು ನೂರಕ್ಕೆ ತೊಂಬತ್ತು ಜನ ಕೇಳುವುದು ಇದನ್ನೇ. ಅವರ ನಿಜವಾದ ಹೆದರಿಕೆ ಬೇರೆ. "ಹೊರಗೆ ಗೊತ್ತಾದರೆ ನಾಳೆ ಬೆಳಗ್ಗೆ ಠೇವಣಿಯವರ ಸಾಲು ಗೇಟಿನವರೆಗೆ ಬರ್ತದೆ ಮಾರಾಯ್ರೆ." ಅದೂ ಸುಳ್ಳಲ್ಲ. ತ್ರಿಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣ 2021ರಲ್ಲಿ ಹೊರಬಿದ್ದ ಮೇಲೆ ಕೇರಳದಲ್ಲಿ ಸಹಕಾರಿ ಎಂಬ ಪದ ಕೇಳಿದರೇ ಪಾಸ್‌ಬುಕ್ ಹುಡುಕುವವರು ಹೆಚ್ಚಾಗಿದ್ದಾರೆ.

ನಾನು ವಯನಾಡಿನ ಮಾತು ತೆಗೆದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತನ್ನೆಲ್ಲ ಹಿಡಿದಾಗ ಕೇರಳದಲ್ಲಿ ಮೊದಲು ಸುದ್ದಿಯಾದದ್ದು ಬ್ಯಾಂಕೂ ಅಲ್ಲ, ಐಟಿ ಪಾರ್ಕೂ ಅಲ್ಲ. ವಯನಾಡಿನ ತರಿಯೋಡು ಪಂಚಾಯತು ಕಚೇರಿ, ಪತ್ತನಂತಿಟ್ಟದ ಅರುವಾಪ್ಪುಲಂ ಪಂಚಾಯತು ಕಚೇರಿ. ಕೇಳಿದ್ದು 300 ಡಾಲರ್. ಆ ವೈರಸ್ ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಆ ವರ್ಷದ ಮಾರ್ಚಿನಲ್ಲಿಯೇ, ತೇಪೆ ಕೊಟ್ಟಿತ್ತು. ಆ ಎರಡು ಕಚೇರಿಯವರು ಮುಚ್ಚಿಟ್ಟಿದ್ದರೆ ಬೇರೆ ಪಂಚಾಯತುಗಳಿಗೆ ಎಚ್ಚರಿಕೆ ಸಿಗುತ್ತಿರಲಿಲ್ಲ.

ಆರು ಗಂಟೆಯ ನಿಯಮ ಬಂದದ್ದು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ. ಕಂಪೆನಿ, ಸಂಸ್ಥೆ, ಸರ್ಕಾರಿ ಕಚೇರಿ, ಯಾರೇ ಇರಲಿ, ಇಂಥ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು. ಗೊತ್ತಿದ್ದಷ್ಟು ಮೊದಲು ಕಳಿಸಿ ಉಳಿದದ್ದನ್ನು ಆಮೇಲೆ ಸೇರಿಸಬಹುದು. ಸರಿ, ಗಮನಕ್ಕೆ ಬಂದದ್ದು ಯಾವಾಗ? ಗುಮಾಸ್ತೆ ಕಂಡದ್ದು ಸೋಮವಾರ 9.20ಕ್ಕೆ. ಅಂದರೆ 3.20ರವರೆಗೆ ಹೊತ್ತಿದೆ.

ಆಗ ಗೋದಾಮಿನ ಹುಡುಗ ಬಾಗಿಲ ಬಳಿಯಿಂದ ಬಾಯಿಬಿಟ್ಟ. ನಿನ್ನೆ, ಆದಿತ್ಯವಾರ, ಹನ್ನೊಂದು ಗಂಟೆಗೆ ಚೀಲದ ಲೇಬಲ್ ಪ್ರಿಂಟ್ ತೆಗೆಯಲು ಬಂದಿದ್ದನಂತೆ. ಫೈಲುಗಳ ಚಿತ್ರ ಬೆಳ್ಳಗಾಗಿದ್ದವು. ಅಪ್‌ಡೇಟ್ ಆಗುತ್ತಿರಬೇಕು ಎಂದುಕೊಂಡು ಕೈಯಲ್ಲೇ ಲೇಬಲ್ ಬರೆದು ಹೋದ.

ಕೋಣೆ ಸ್ತಬ್ಧ. ಆದಿತ್ಯವಾರ ಹನ್ನೊಂದರಿಂದ ಲೆಕ್ಕ ಹಿಡಿದರೆ ಆರು ಗಂಟೆ ಎಂದೋ ಕಳೆದಿತ್ತು. "ಅವನು ಹೇಳಿದ್ದನ್ನು ಬಿಟ್ಟುಬಿಡುವಾ" ಎಂದರು ಒಬ್ಬ ನಿರ್ದೇಶಕರು. 70ಬಿಯಲ್ಲಿ ಮಾಹಿತಿ ಕೊಡದಿದ್ದರೆ ಒಂದು ವರ್ಷದವರೆಗೆ ಸಜೆ ಎಂದು ಬರೆದದ್ದನ್ನು ನಾನೇ ಆಗಷ್ಟೆ ಓದಿ ಹೇಳಿದ್ದೆ. ಹೆದರಿಸಿ ಕೆಲಸ ಮಾಡಿಸುವ ನನ್ನ ಜಾಣತನ ನನಗೇ ತಿರುಗಿತು.

ಅಧ್ಯಕ್ಷರು ನಿವೃತ್ತ ಮಾಷ್ಟ್ರು, ಎಂಬತ್ತರ ಹತ್ತಿರ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಸುಳ್ಳು ಬರೆದರೆ ಅದನ್ನು ನೆನಪಿಟ್ಟುಕೊಳ್ಳಬೇಕಾಗ್ತದೆ. ನನಗೆ ವಯಸ್ಸಾಯ್ತು. ಎರಡನ್ನೂ ಬರೀರಿ."

ಎರಡನ್ನೂ ಬರೆದೆವು. ಕಂಡದ್ದು ಆದಿತ್ಯವಾರ ಹನ್ನೊಂದಕ್ಕೆ, ಏನೆಂದು ಅರ್ಥವಾದದ್ದು ಸೋಮವಾರ ಹತ್ತು ಹತ್ತಕ್ಕೆ. ಅರ್ಜಿ ನಮೂನೆ ಇಂಗ್ಲಿಷಿನಲ್ಲಿ. ಸೆಕ್ರೆಟರಿ ಸರ್ಕಾರಕ್ಕೆ ಬರೆದು ರೂಢಿ ಇರುವುದು ಮಲಯಾಳದಲ್ಲಿ, ಯೋಚನೆ ಮಾಡುವುದು ಕನ್ನಡದಲ್ಲಿ, ಬೈಯುವುದು ತುಳುವಿನಲ್ಲಿ. ಪ್ರತಿ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿ, ಅವರ ಉತ್ತರವನ್ನು ಇಂಗ್ಲಿಷಿಗೆ ತಿರುಗಿಸಿ ಕೂಡಿಸಿದೆ. ಮೇಲ್ ಹೋದದ್ದು 2.50ಕ್ಕೆ. ಅದಾದ ಮೇಲೆ ಕಾಸರಗೋಡಿನ ಸೈಬರ್ ಠಾಣೆಗೆ ಹೋಗಿ ದೂರು ಕೊಟ್ಟೆವು. 1930ಕ್ಕೆ ಫೋನ್ ಮಾಡಿ ಎಂದು ದಾರಿಯಲ್ಲಿ ಮೂವರು ಸಲಹೆ ಕೊಟ್ಟರು. ಆ ನಂಬರು ಖಾತೆಯಿಂದ ಹಣ ಹಾರಿಸಿದವರನ್ನು ತಡೆಯಲು. ನಮ್ಮ ಹಣ ಹೋಗಿರಲಿಲ್ಲ, ಲೆಕ್ಕ ಹೋಗಿತ್ತು.

ಮೂರು ಗಡಿಯಾರ

ಸರ್ಟ್-ಇನ್‌ನಿಂದ ಬಂದ ಉತ್ತರದಲ್ಲಿ ನಮಗೊಂದು ಘಟನಾ ಸಂಖ್ಯೆ ಇತ್ತು, ಮಾಡಬೇಕಾದ್ದು ಇತ್ತು: ಯಂತ್ರವನ್ನು ನೆಟ್ಟಿನಿಂದ ಬಿಡಿಸಿ ಇಡಿ, ಫಾರ್ಮ್ಯಾಟ್ ಮಾಡಬೇಡಿ, ಡಿಸ್ಕಿನ ಪೂರ್ತಿ ಪ್ರತಿ ತೆಗೆಯಿರಿ, ಬೇಡಿಕೆಯ ಚೀಟಿಯನ್ನೂ ಬೀಗ ಬಿದ್ದ ಒಂದೆರಡು ಫೈಲನ್ನೂ ಕಳಿಸಿ, ಲಾಗ್ (ಯಂತ್ರ ತಾನೇ ಬರೆದಿಡುವ ದಿನಚರಿ) ಕಳಿಸಿ, ರಿಮೋಟ್ ಡೆಸ್ಕ್‌ಟಾಪ್ ಹೊರಗಿನಿಂದ ಮುಚ್ಚಿ. ಜೊತೆಗೆ ಒಂದು ಪ್ರಶ್ನೆ: ಲಾಗಿನಲ್ಲಿರುವ ಸಮಯ ಯಾವ ವಲಯದ್ದು, ಗಡಿಯಾರ ಸರಿ ಇದೆಯೇ?

ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು.

ಸರ್ವರಿನ ಮದರ್‌ಬೋರ್ಡಿನಲ್ಲಿ ರೂಪಾಯಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಕರೆಂಟು ಇಲ್ಲದಾಗ ಗಡಿಯಾರ ನಡೆಸಲು. ಅದು ಸತ್ತು ಎಷ್ಟು ಕಾಲವಾಗಿತ್ತೋ. ನಮ್ಮಲ್ಲಿ ಗುಡುಗು ಬಂದರೆ ಕರೆಂಟು ಹೋಗುತ್ತದೆ, ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಗುತ್ತದೆ, ಸರ್ವರ್ ಮತ್ತೆ ಏಳುವಾಗ ಯಾವುದೋ ಹಳೆಯ ವರ್ಷ ತೋರಿಸುತ್ತದೆ. ಗುಮಾಸ್ತೆ ಗೋಡೆಯ ಗಡಿಯಾರ ನೋಡಿ ಸಮಯ ಹಾಕುತ್ತಾಳೆ. ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದೆ. ಸಂಜೆಯ ಕೊನೆಯ ಬಸ್ಸು ತಪ್ಪಬಾರದೆಂದು ಯಾರೋ ಬೇಕೆಂದೇ ಹಾಗೆ ಇಟ್ಟದ್ದು. ಆ ಪುಣ್ಯಾತ್ಮ ನಿವೃತ್ತನಾಗಿಯೇ ವರ್ಷಗಳಾಗಿದ್ದವು. ಸಿಸಿಟಿವಿಯ ಡಬ್ಬದ ಗಡಿಯಾರ ಇಪ್ಪತ್ತಮೂರು ನಿಮಿಷ ಹಿಂದೆ. ಒಂದೇ ಕೋಣೆ, ಮೂರು ಕಾಲ.

ವಿಂಡೋಸಿನ ಭದ್ರತಾ ಲಾಗಿನಲ್ಲಿ 4625 ಎಂದರೆ ತಪ್ಪು ಪಾಸ್‌ವರ್ಡ್, 4624 ಎಂದರೆ ಒಳಗೆ ಬಂದ. ಲಾಗ್ ತೆರೆದರೆ 4625ಗಳ ಜಡಿಮಳೆ, ಕೆಲವೊಮ್ಮೆ ಸೆಕೆಂಡಿಗೆ ಮೂರು ನಾಲ್ಕು. ಅದರ ನಡುವೆ ಹೊರಗಿನಿಂದ ಬಂದ 4624 ಒಂದೇ ಒಂದು, ಶನಿವಾರ ರಾತ್ರಿ ಕಳೆದು ಆದಿತ್ಯವಾರ ಬೆಳಗಾಗುವ ಮೊದಲು 1.52ಕ್ಕೆ. ಸರ್ವರಿನ 1.52, ಅಂದರೆ ನಿಜವಾದ 1.42. ಹಿಂದಕ್ಕೆ ಹೋಗಿ ನೋಡೋಣವೆಂದರೆ ಲಾಗ್ ಇದ್ದದ್ದು ನಾಲ್ಕು ದಿನದ್ದು ಮಾತ್ರ. ವಿಂಡೋಸ್ ಅದಕ್ಕೆ ಕೊಡುವ ಜಾಗ 20 ಎಂಬಿ. ತುಂಬಿದರೆ ಹಳತನ್ನು ಅಳಿಸಿ ಹೊಸತು ಬರೆಯುತ್ತದೆ. ಕಳ್ಳ ಬಾಗಿಲು ತಟ್ಟಿದ ಸದ್ದೇ, ಅವನು ಯಾವಾಗಿನಿಂದ ತಟ್ಟುತ್ತಿದ್ದ ಎಂಬ ಲೆಕ್ಕವನ್ನು ಅಳಿಸಿ ಹಾಕಿತ್ತು. 2022ರ ನಿರ್ದೇಶನ ಲಾಗನ್ನು 180 ದಿನ ಇಟ್ಟುಕೊಳ್ಳಿ ಎನ್ನುತ್ತದೆ. ನಾನು ಹಾಕಿಕೊಟ್ಟ ಯಾವ ಯಂತ್ರದಲ್ಲಿಯೂ ಅಂಥ ವ್ಯವಸ್ಥೆ ಇರಲಿಲ್ಲ.

ಹತ್ತು ನಿಮಿಷಕ್ಕೆ ಇಷ್ಟೆಲ್ಲ ಯಾಕೆ ಎಂದರು ಸೆಕ್ರೆಟರಿ. ಅವರಿಗೆ ಹೀಗೆ ಹೇಳಿದೆ: ಕಳ್ಳ ಬಂದ ಐಪಿ ವಿಳಾಸ ಯುರೋಪಿನ ಒಂದು ಬಾಡಿಗೆ ಸರ್ವರಿನದು. ಬಾಡಿಗೆಯವರು ಬದಲಾಗುತ್ತ ಇರುತ್ತಾರೆ, ಕೆಲವೊಮ್ಮೆ ಗಂಟೆಗೊಬ್ಬರಂತೆ. ಇನ್ನು ನಮ್ಮ ಮೊಬೈಲ್ ಕಂಪೆನಿಗಳಲ್ಲಾದರೆ ಒಂದೇ ವಿಳಾಸವನ್ನು ಒಂದೇ ಹೊತ್ತಿಗೆ ನೂರಾರು ಗಿರಾಕಿಗಳು ಹಂಚಿಕೊಂಡಿರುತ್ತಾರೆ. ನಾವು ದೆಹಲಿಗೆ ತಪ್ಪು ಹೊತ್ತು ಹೇಳಿದರೆ ದೆಹಲಿ ಆ ದೇಶದ ತಂಡಕ್ಕೆ ತಪ್ಪು ಹೊತ್ತು ಹೇಳುತ್ತದೆ, ಅಲ್ಲಿ ಯಾವುದೋ ಪಾಪದವನ ಬಾಗಿಲು ತಟ್ಟುತ್ತಾರೆ. ಹತ್ತು ಜಾಗದ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ತಂಡಕ್ಕೆ, ಅವೆಲ್ಲ ಒಂದೇ ಗಡಿಯಾರಕ್ಕೆ ನಡೆಯದಿದ್ದರೆ ಕಸ. ಅದಕ್ಕೇ ಆ ನಿರ್ದೇಶನದಲ್ಲಿ ಎಲ್ಲರ ಗಡಿಯಾರವನ್ನೂ ಸರ್ಕಾರದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿಯ ಇಲ್ಲವೇ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿಗೆ ಕಟ್ಟಬೇಕು ಎಂದಿರುವುದು. ಎನ್‌ಐಸಿಯ ಆ ಸರ್ವರುಗಳ ಹೆಸರೇ 'ಸಮಯ್'. ಆ ನಿರ್ದೇಶನ ಬಂದಾಗ ಪತ್ರಿಕೆಗಳಲ್ಲಿ ವಿಪಿಎನ್ (ಇಂಟರ್ನೆಟ್ಟಿನೊಳಗೆ ಬೀಗ ಹಾಕಿದ ಖಾಸಗಿ ದಾರಿ) ಬಗ್ಗೆ ಗಲಾಟೆಯೋ ಗಲಾಟೆ. ಗಡಿಯಾರದ ಸಾಲನ್ನು ಯಾರೂ ಓದಲಿಲ್ಲ. ನಾನೂ ಓದಿರಲಿಲ್ಲ.

ಮೊದಲೇ ಬಂದಿದ್ದ ಓಲೆ

ಎರಡನೆಯ ಮೇಲಿನಲ್ಲಿ ಇನ್ನೊಂದು ಮಾತು ಇತ್ತು. ನಿಮ್ಮ ವಿಳಾಸದಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೆರೆದಿರುವ ಬಗ್ಗೆ ನಿಮ್ಮ ಇಂಟರ್ನೆಟ್ ಕಂಪೆನಿಯ ಮೂಲಕ ಮೊದಲೇ ಸೂಚನೆ ಹೋಗಿತ್ತು, ಅದು ತಲುಪಿತ್ತೇ?

ಯಾರಿಗೆ ತಲುಪಿತ್ತು? ಸರ್ಟ್-ಇನ್ 2017ರಿಂದ ಸೈಬರ್ ಸ್ವಚ್ಛತಾ ಕೇಂದ್ರ ಎಂಬುದನ್ನು ನಡೆಸುತ್ತಿದೆ. ವೈರಸ್ ಹಿಡಿದ ಯಂತ್ರ, ಅಜಾಗರೂಕತೆಯಿಂದ ತೆರೆದಿಟ್ಟ ಸೇವೆ ಇಂಥವುಗಳ ಐಪಿ ಪಟ್ಟಿಯನ್ನು ಇಂಟರ್ನೆಟ್ ಕಂಪೆನಿಗಳಿಗೆ ಕಳಿಸುತ್ತದೆ. ಆ ವಿಳಾಸ ಯಾವ ಗಿರಾಕಿಯದು ಎಂದು ಗೊತ್ತಿರುವುದು ಕಂಪೆನಿಗೆ ಮಾತ್ರ. ಅವರು ಗಿರಾಕಿಗೆ ತಿಳಿಸಬೇಕು. ನಮ್ಮ ಕನೆಕ್ಷನ್ 2016ರದ್ದು. ಅದರಲ್ಲಿ ಕೊಟ್ಟಿದ್ದ ಮೇಲ್ ವಿಳಾಸ ಆಗಿನ ಸೆಕ್ರೆಟರಿಯವರ ಸ್ವಂತದ್ದು. ಅವರು ನಿವೃತ್ತರಾಗಿ ಪೆರ್ಲದ ಕಡೆ ತೋಟ ನೋಡಿಕೊಂಡಿದ್ದಾರೆ.

ಬುಧವಾರ ಸಂಜೆ ಅವರ ಮನೆಗೆ ಹೋದೆವು. ಕಾಳುಮೆಣಸು ಒಣಗಿಸಿದ ಅಂಗಳ ದಾಟಿ ಜಗಲಿಯಲ್ಲಿ ಕೂತೆವು. ಬೆಲ್ಲ ನೀರು ಬಂತು. ಮೊಬೈಲಿನಲ್ಲಿ ಮೇಲ್ ತೆರೆದು ಕೊಟ್ಟರು. ಓದದ ಮೇಲು ಸಾವಿರಗಟ್ಟಲೆ. ಹುಡುಕಿದಾಗ ಸಿಕ್ಕಿದವು ಮೂರು, ನವೆಂಬರಿನದ್ದು, ಡಿಸೆಂಬರಿನದ್ದು, ಫೆಬ್ರವರಿಯದ್ದು. ಮೂರರಲ್ಲೂ ನಮ್ಮ ಐಪಿ, ನಮ್ಮ ಪೋರ್ಟ್ ನಂಬರು, 3389. ನಾನೇ ನಾಲ್ಕು ವರ್ಷದ ಹಿಂದೆ ಟೈಪ್ ಮಾಡಿದ ನಂಬರು.

"ಕಂಡಿದ್ದೆ," ಎಂದರು ಅವರು. "ಮೋಸದ ಮೇಲು ಅಂತ ತೆಗೆಯಲಿಲ್ಲ. ಗೊತ್ತಿಲ್ಲದ ಮೇಲ್ ಮುಟ್ಟಬಾರದು ಅಂತ ನಮಗೆಲ್ಲ ಕ್ಲಾಸ್ ತೆಗೊಂಡದ್ದು ನೀವೇ ಅಲ್ಲವೋ?"

ನಾನೇ. ಸಂಘದ ಸಿಬ್ಬಂದಿಗೆ ನಾನು ತೆಗೆದುಕೊಂಡಿದ್ದ ಆ ಒಂದು ಗಂಟೆಯ ಕ್ಲಾಸಿಗೆ ಒಂದು ಪೊಟ್ಟಣ ಕಾಳುಮೆಣಸು ಕೊಟ್ಟಿದ್ದರು ಕೂಡ.

2023ರಲ್ಲಿ ಸರ್ಟ್-ಇನ್‌ಗೆ ಬಂದ ಘಟನೆಗಳ ಲೆಕ್ಕ 15.92 ಲಕ್ಷ ಎಂದು ಸಂಸತ್ತಿನಲ್ಲಿ ಸರ್ಕಾರ ಹೇಳಿದೆ. ಅಷ್ಟು ದೊಡ್ಡ ಸಂಖ್ಯೆಯ ಒಳಗೆ ನಮ್ಮ ಸಂಘದ ತೆರೆದ ಬಾಗಿಲನ್ನು ದೆಹಲಿ ಕಂಡಿತ್ತು, ಮೂರು ಸಲ ಹೇಳಿಯೂ ಇತ್ತು. ಓಲೆ ಊರಿನವರೆಗೆ ಬಂದು ಜಗಲಿಯಲ್ಲಿ ನಿಂತಿತು. ರಾಷ್ಟ್ರೀಯ ತಂಡ ಎಂದರೆ ದೊಡ್ಡ ಪರದೆಗಳ ಮುಂದೆ ಕೂತವರ ಚಿತ್ರ ಕಣ್ಣಿಗೆ ಬರುತ್ತದೆ. ಈ ಪ್ರಕರಣ ಆದ ಮೇಲೆ ನನಗೆ ಅದು ಅಂಚೆಯವರ ಒಂದು ದೊಡ್ಡ ಕಚೇರಿಯಂತೆ ಕಾಣುತ್ತದೆ. ಅಂಚೆಯ ಗುಣ ಕೊನೆಗೆ ನಿಂತಿರುವುದು ಮನೆ ನಂಬರಿನ ಮೇಲೆ.

ಯಾವ ಹೆಡ್ಡಿನಲ್ಲಿ ಹಾಕುದು?

ಆ ವಾರ ಒಬ್ಬ ನಿರ್ದೇಶಕರ ಮಗ, ಬೆಂಗಳೂರಿನಲ್ಲಿ ಕೆಲಸ ಮಾಡುವವನು, ಯಾರನ್ನೂ ಕೇಳದೆ ಕಳ್ಳನ ವಿಳಾಸಕ್ಕೆ ಮೇಲ್ ಹಾಕಿಬಿಟ್ಟ. ಉತ್ತರ ಮರ್ಯಾದೆಯದ್ದೇ ಇತ್ತು. 3,000 ಡಾಲರ್, ಬಿಟ್‌ಕಾಯಿನಿನಲ್ಲಿ. ನಂಬಿಕೆಗೆ ಕೆಲವು ಸಣ್ಣ ಫೈಲುಗಳನ್ನು ಪುಕ್ಕಟೆ ಬಿಡಿಸಿ ಕೊಡುತ್ತೇವೆ. ನಮ್ಮ ರೂಪಾಯಿಯಲ್ಲಿ ಎರಡೂವರೆ ಲಕ್ಷದ ಹತ್ತಿರ.

ಕೊಡುವಾ ಎನ್ನುವವರೂ ಇದ್ದರು. ಎರಡೂವರೆ ತಿಂಗಳ ಕೊಯ್ಲಿನ ಲೆಕ್ಕಕ್ಕೆ ಎರಡೂವರೆ ಲಕ್ಷ ದೊಡ್ಡದಲ್ಲ ಎಂಬುದು ಅವರ ವಾದ. ಕೊಟ್ಟರೆ ಬೀಗದಕೈ ಸಿಗುವ ಖಾತ್ರಿ ಇಲ್ಲ, ಕೊಟ್ಟವನನ್ನು ಮತ್ತೆ ಹುಡುಕಿ ಬರುತ್ತಾರೆ ಎಂದು ನಾನು ಹೇಳಿದ ಮಾತು ಗಾಳಿಗೆ ಹೋಯಿತು. ನಿಲ್ಲಿಸಿದ್ದು ಸೆಕ್ರೆಟರಿಯ ಒಂದು ಪ್ರಶ್ನೆ.

"ಸರಿ, ಕೊಡುವಾ. ವೋಚರು ಯಾವ ಹೆಡ್ಡಿನಲ್ಲಿ ಹಾಕುದು?"

ಎಲ್ಲರೂ ಯೋಚಿಸಿದರು. ಇತರ ಖರ್ಚು? ರಿಪೇರಿ? ಇಲಾಖೆಯ ಆಡಿಟರಿನ ಮುಖ ಎಲ್ಲರ ಕಣ್ಣೆದುರು ಬಂದಿರಬೇಕು. ಆ ಮಾತು ಮತ್ತೆ ಎದ್ದೇಳಲಿಲ್ಲ. ಸೈಬರ್ ಭದ್ರತೆಯ ದೊಡ್ಡ ದೊಡ್ಡ ಉಪದೇಶಗಳಿಗಿಂತ ನಮ್ಮ ಸಹಕಾರಿ ಇಲಾಖೆಯ ಆಡಿಟ್ ಗಟ್ಟಿ ಎಂದು ನನಗೆ ಅಂದು ಖಾತ್ರಿಯಾಯಿತು.

ಸದಸ್ಯರಿಗೆ ವಿಷಯ ಹೇಳಿದ್ದು ಗುರುವಾರ. ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಒಂದೊಂದು ಹಾಳೆ ನೋಟಿಸು ಬೋರ್ಡಿಗೆ ಅಂಟಿಸಿದೆವು. ಸಾಲು ಬಂತು, ಗೇಟಿನವರೆಗೆ ಅಲ್ಲ, ಮೆಟ್ಟಿಲಿನವರೆಗೆ. ಹೆಚ್ಚಿನವರ ಕೈಯಲ್ಲಿ ಪಾಸ್‌ಬುಕ್ ಇತ್ತು, ಅದರಲ್ಲಿ ಅಚ್ಚಾದ ಬಾಕಿ ಇತ್ತು. ಹನ್ನೊಂದು ಜನ ಠೇವಣಿ ಹಿಂದೆ ತೆಗೆದುಕೊಂಡರು, ಅವರಲ್ಲಿ ನಾಲ್ವರು ಏಪ್ರಿಲಿನಲ್ಲಿ ಮತ್ತೆ ತಂದಿಟ್ಟರು.

ಕಾರ್ಬನ್ ಚೀಟಿ

ಲೆಕ್ಕ ಉಳಿಸಿದ್ದು ಕಂಪ್ಯೂಟರಲ್ಲ, ತಕ್ಕಡಿಯ ಹತ್ತಿರದ ಕಾರ್ಬನ್ ಪುಸ್ತಕ. ಅಡಿಕೆ ತೂಗುವ ಹುಡುಗ ತೂಕದ ಚೀಟಿಯನ್ನು ಮೂರು ಪ್ರತಿ ಬರೆಯುತ್ತಾನೆ. ಒಂದು ಬೆಳೆಗಾರನಿಗೆ, ಒಂದು ಬಿಲ್ಲಿನ ಕೌಂಟರಿಗೆ, ಒಂದು ಪುಸ್ತಕದಲ್ಲೇ ಉಳಿಯುತ್ತದೆ. ಇದನ್ನು ಬಿಡಿ, ಕಾಗದ ದಂಡ ಎಂದು ನಾನು ಎರಡು ಸಲ ಹೇಳಿದ್ದೆ. ಕ್ಯಾಷಿಯರ್ ಅಕ್ಕ ಬಿಟ್ಟಿರಲಿಲ್ಲ.

ಹೊಸ ಡಿಸ್ಕ್ ಹಾಕಿ, ಡಿಸೆಂಬರ್ 16ರ ಪೆನ್‌ಡ್ರೈವಿನಿಂದ ಶುರು ಮಾಡಿ, ನಾಲ್ಕು ಜನ ಕೂತು ಚೀಟಿಗಳನ್ನು ಮತ್ತೆ ಹೊಡೆದರು. ಮೂರನೆಯ ಪ್ರತಿ ಎಂದರೆ ಗೊತ್ತಲ್ಲ, ಮಸಿ ತೇಲಿದ ನೀಲಿ ಮಂಜು. ಬೆಳಕಿಗೆ ಹಿಡಿದು, ಓರೆ ಮಾಡಿ, ಒಬ್ಬಳು ಓದಿ ಇನ್ನೊಬ್ಬಳು ಟೈಪ್ ಮಾಡಿ ಮಾರ್ಚ್ 29ರ ರಾತ್ರಿ ಮುಗಿಯಿತು. ಕೊನೆಗೆ ನಗದಿನಲ್ಲಿ 1,080 ರೂಪಾಯಿ ಕಡಿಮೆ ಬಂತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಅಕ್ಕ ಮಾತಾಡದೆ ತನ್ನ ಪರ್ಸಿನಿಂದ ಹಾಕಿದಳು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವಳ ನಗದು ತಪ್ಪಿದ್ದು ಅದೊಂದೇ ಸಲವಂತೆ.

ನನ್ನ ಪಾಲಿನ ಕೆಲಸ ಸಣ್ಣದು. ಪೋರ್ಟ್ ಮುಚ್ಚಿದೆ, ಮಂಗಳೂರಿನವರಿಗೆ ಬೇಕಾದಾಗ ವಿಪಿಎನ್ ಮೂಲಕ, ಸೆಕ್ರೆಟರಿ ಆನ್ ಮಾಡಿದರೆ ಮಾತ್ರ ಬರುವ ದಾರಿ ಮಾಡಿದೆ. ನಲ್ವತ್ತು ರೂಪಾಯಿಯ ಬ್ಯಾಟರಿ ಹಾಕಿದೆ. ಸರ್ವರನ್ನೂ ಸಿಸಿಟಿವಿಯನ್ನೂ 'ಸಮಯ್'ಗೆ ಕಟ್ಟಿದೆ. ಲಾಗಿನ ಪ್ರತಿ ಬೇರೊಂದು ಡಿಸ್ಕಿಗೆ ಹೋಗುತ್ತದೆ. ಬ್ಯಾಕಪ್ಪಿಗೆ ಎರಡು ಡ್ರೈವ್, ವಾರ ಬಿಟ್ಟು ವಾರ, ಒಂದು ಯಾವಾಗಲೂ ಅಕ್ಕನ ಗೋದ್ರೆಜಿನಲ್ಲಿ. ಇಂಟರ್ನೆಟ್ ಕಂಪೆನಿಗೆ ಸಂಘದ್ದೇ ಹೆಸರಿನ ಮೇಲ್ ವಿಳಾಸ ಕೊಟ್ಟೆವು, ಸೆಕ್ರೆಟರಿ ಬದಲಾದರೂ ಬದಲಾಗದ್ದು. ಗೋಡೆಯ ಗಡಿಯಾರವನ್ನು ಸರಿ ಮಾಡಲು ಹೋದೆ. ಬಸ್ಸಿನ ವಿಷಯ ಎಂದು ಬಿಡಲಿಲ್ಲ.

ಬೀಗ ಬಿದ್ದ ಹಳೆಯ ಡಿಸ್ಕನ್ನು ಬಿಸಾಡಬೇಡಿ ಎಂದು ಮೇಲಿನಲ್ಲಿ ಇತ್ತು. ಹಳದಿ ಕವರಿನಲ್ಲಿ ಹಾಕಿ, ಘಟನಾ ಸಂಖ್ಯೆ ಬರೆದು ಕಪಾಟಿನಲ್ಲಿ ಇಟ್ಟೆವು.

ಟೋಕಿಯೊದ ದಾರಿ

2024ರ ನವೆಂಬರಿನಲ್ಲಿ ಫೋಬೋಸನ್ನು ನಡೆಸುತ್ತಿದ್ದನೆಂಬ ಆರೋಪದ ಮೇಲೆ ಒಬ್ಬ ರಷ್ಯನ್ನನನ್ನು ದಕ್ಷಿಣ ಕೊರಿಯ ಅಮೆರಿಕಕ್ಕೆ ಒಪ್ಪಿಸಿದ ಸುದ್ದಿ ಬಂತು. 2025ರ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ಅದೇ ಬಳಗದ ಇನ್ನೂ ನಾಲ್ವರು ಸಿಕ್ಕಿಬಿದ್ದರು. ನಮ್ಮ 2.50ರ ಮೇಲಿಗೂ ಫುಕೆಟ್‌ಗೂ ಗಂಟು ಹಾಕುವಷ್ಟು ಹುಚ್ಚು ನನಗಿಲ್ಲ. ಆದರೆ ಅಂಥ ಬಲೆ ನೇಯುವುದು ಇಂಥ ಸಾವಿರಾರು ಎಳೆಗಳಿಂದಲೇ. ಇಂತಿಂಥ ಹೊತ್ತಿಗೆ, ಇಂತಿಂಥ ವಿಳಾಸದಿಂದ, ಇಂತಿಂಥ ಬಾಲದ ಫೈಲು ಎಂದು ಯಾರೋ ಕೂತು ಬರೆದ ಸಾಲುಗಳು.

2025ರ ಜುಲೈಯಲ್ಲಿ ಜಪಾನಿನ ಪೊಲೀಸರು ಫೋಬೋಸಿನ ಬೀಗ ಬಿಡಿಸುವ ಸಾಧನವನ್ನು ಪುಕ್ಕಟೆ ಹೊರಬಿಟ್ಟರು. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರಾನ್ಸಮ್' ತಾಣದಲ್ಲೂ ಅದು ಬಂತು. ಬಿಡಿಸಬಲ್ಲ ಬಾಲಗಳ ಪಟ್ಟಿಯಲ್ಲಿ ಫೌಸ್ಟ್ ಇತ್ತು. ತಿಂಗಳಿಗೊಮ್ಮೆ ಆ ತಾಣ ನೋಡುವುದು ನನಗೆ ಪಂಚಾಂಗ ನೋಡಿದಷ್ಟೇ ರೂಢಿಯಾಗಿತ್ತು, ಆ ದಿನ ಮಾತ್ರ ಎರಡು ಸಲ ಓದಿದೆ.

ಹಳದಿ ಕವರು ಬಿಚ್ಚಿ, ಡಿಸ್ಕಿನ ಪ್ರತಿ ತೆಗೆದು, ಪ್ರತಿಯ ಮೇಲೆ ಸಾಧನ ಓಡಿಸಿದೆ. ರಾತ್ರಿಯೆಲ್ಲ ಓಡಿತು. ಬೆಳಗ್ಗೆ ನೋಡುವಾಗ ಕೆಲವು ದೊಡ್ಡ ಫೈಲುಗಳು ಬಿಟ್ಟು ಉಳಿದವು ತೆರೆಯುತ್ತಿದ್ದವು. ಲೆಕ್ಕದ ಫೈಲೂ.

ಸಂಘಕ್ಕೆ ಅದರಿಂದ ಈಗ ಏನೂ ಆಗಬೇಕಾಗಿರಲಿಲ್ಲ. ಎರಡು ಆಡಿಟ್ ಮುಗಿದಿದ್ದವು. ಆದರೂ ಅಕ್ಕ ಬಿಡಲಿಲ್ಲ. ಹಳೆಯ ಫೈಲಿನ ಬಿಲ್ಲುಗಳನ್ನೂ ನಾಲ್ಕು ಜನ ಮತ್ತೆ ಹೊಡೆದ ಬಿಲ್ಲುಗಳನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಸಾಲು ನೋಡುತ್ತ ಹೋದಳು. ಮೂರನೆಯ ದಿನ ಮಧ್ಯಾಹ್ನ ಸಿಕ್ಕಿತು. ಜನವರಿಯ ಒಂದು ಬಿಲ್ಲು, ಕೋಕ, 47 ಕಿಲೋ. ಕಾರ್ಬನ್ನಿನಲ್ಲಿ 7ರ ತಲೆ ಅಳಿಸಿಹೋಗಿತ್ತು. 41 ಎಂದು ಓದಿದ್ದರು. ಆರು ಕಿಲೋದ ಹಣ ಬೆಳೆಗಾರನಿಗೆ ಅಂದೇ ಸರಿಯಾಗಿ ಹೋಗಿತ್ತು, ಪುಸ್ತಕಕ್ಕೆ ಬಂದಿರಲಿಲ್ಲ. 1,080 ರೂಪಾಯಿ.

ಸೆಕ್ರೆಟರಿ ಡ್ರಾಯರಿನಿಂದ ವೋಚರು ಪುಸ್ತಕ ತೆಗೆದರು. "ಅಕ್ಕಾ, ನಿಮ್ಮ ದುಡ್ಡು ವಾಪಸ್ ಕೊಡಬೇಕಲ್ಲ. ಈಗ ಇದನ್ನು ಯಾವ ಹೆಡ್ಡಿನಲ್ಲಿ ಹಾಕುದು?"

"ದುಡ್ಡು ಇರಲಿ," ಎಂದಳು ಅಕ್ಕ. "ಆ ಬಿಲ್ಲಿನದ್ದೊಂದು ಪ್ರಿಂಟ್ ಕೊಡಿ."

ಪ್ರಿಂಟು ತೆಗೆದುಕೊಟ್ಟೆ. ಹಳೆಯ ಕಾರ್ಬನ್ ಪುಸ್ತಕ ಹುಡುಕಿ ತಂದು, ಆ ನೀಲಿ ಮಂಜಿನ ಹಾಳೆಯ ಮೇಲೆ ಪ್ರಿಂಟನ್ನು ಮಡಚಿ ಇಟ್ಟು ಪಿನ್ನು ಹೊಡೆದಳು.